ಹಂಡೆಗೆ ರಿಯಾಯಿತಿ ಇಲ್ಲ

ಸ್ನೇಹಿತರೇ, ವಿದ್ಯುತ್ ಉಳಿಸದ ತಪ್ಪಿಗೆ ಇವತ್ತು ನಾನು ಶುಲ್ಕ ಕಟ್ಟಿ ಬಂದೆ.

ಮೂಡುಬಿದಿರೆಯಲ್ಲಿ ನಾವು ಕಟ್ಟಿಸಿದ ಹೊಸ ಮನೆಯನ್ನು ನೋಡಲು ಬೆಳಿಗ್ಗೆ ಅಧಿಕಾರಿಯೊಬ್ಬರು ಬಂದಿದ್ದರು. ಹೊಸ ಕಟ್ಟಡದಲ್ಲಿ ವಿದ್ಯುತ್ ಉಳಿಸುವ ವ್ಯವಸ್ಥೆ ಇಲ್ಲದಿದ್ದರೆ ಹೆಚ್ಚುವರಿ ಶುಲ್ಕವಂತೆ. ತಾರಸಿ ಹತ್ತಿದವರೇ ಕೇಳಿದರು, "ಸೋಲಾರ್ ಹೀಟರ್ ಎಲ್ಲುಂಟು?"

"ಇಲ್ಲ ಸಾರ್. ಬಚ್ಚಲಲ್ಲಿ ಹಂಡೆ ಉಂಟು. ತೆಂಗಿನ ಮಡಲು, ಗೆರಟೆ ಉರಿಸಿ ನೀರು ಕಾಯಿಸ್ತೇವೆ. ಗೀಸರೇ ಇಲ್ಲ, ಮತ್ತೆ ಕರೆಂಟು ಖರ್ಚಾಗುವುದು ಹೇಗೆ?"

"ಅದು ಸರಿ ಮಾರಾಯ್ರೆ. ಆದರೆ ಹಂಡೆಗೆ ರಿಯಾಯಿತಿ ಇಲ್ಲ. ಸೋಲಾರ್ ಇದ್ದರೆ ಮಾತ್ರ."

ಪಕ್ಕದಲ್ಲೇ ಸದಾನಂದಣ್ಣನ ಹೊಸ ಮನೆ. ಅದನ್ನೂ ಅಧಿಕಾರಿ ಇವತ್ತೇ ನೋಡಬೇಕಿತ್ತು. ಅಲ್ಲಿ ಕೋಣೆಗೊಂದು ಎ.ಸಿ., ಬಚ್ಚಲಿಗೊಂದು ಗೀಸರ್. ತಾರಸಿಯಲ್ಲಿ ಸೋಲಾರ್ ಹೀಟರ್ ಇದೆ, ಆದರೆ ಅದರ ಪೈಪನ್ನು ಮನೆಯೊಳಗೆ ಎಳೆದೇ ಇಲ್ಲ. ನಾನು ಅದನ್ನು ತೋರಿಸಿದೆ.

"ಪೈಪು ನೋಡುವುದು ನಮ್ಮ ಕೆಲಸ ಅಲ್ಲ" ಎಂದ ಅಧಿಕಾರಿ, ನಮ್ಮ ತಾರಸಿಯಲ್ಲೇ ನಿಂತು ಆ ಸೋಲಾರಿನ ಫೋಟೊ ತೆಗೆದರು. ಸದಾನಂದಣ್ಣನ ಶುಲ್ಕ ಮನ್ನಾ ಆಯಿತು.

ಸಂಜೆ ಕರೆಂಟು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಸದಾನಂದಣ್ಣ ಹೆಗಲಿಗೆ ಮೈ ಒರೆಸುವ ಬೈರಾಸು ಹಾಕಿಕೊಂಡು, ಖಾಲಿ ಬಾಲ್ದಿ ಹಿಡಿದು ನಮ್ಮ ಅಂಗಳಕ್ಕೆ ಬಂದರು. "ಗೀಸರ್ ಬಂದ್ ಮಾರಾಯ. ನಿಮ್ಮ ಹಂಡೆಯಲ್ಲಿ ಬಿಸಿನೀರು ಉಂಟಾ?"

ತುಂಬಿಸಿ ಕೊಟ್ಟೆ. ಬಾಲ್ದಿಯಿಂದ ಹಬೆ ಏಳುತ್ತಿತ್ತು. ಫೋಟೊ ತೆಗೆಯಲು ಮಾತ್ರ ಯಾರೂ ಇರಲಿಲ್ಲ.