ವಿಷದ ಬ್ಯಾಕ್ಟೀರಿಯಾಕ್ಕೆ ಕಬ್ಬಿಣವಿಲ್ಲದ ಊಟ

ಬೆಳಕು ಹರಿಯುವ ಹೊತ್ತು. ಲಸಿಕೆ ತಯಾರಿಸುವ ಕಟ್ಟಡದ ಹಿಂಬದಿಯ ಕೋಣೆ. ಎಲ್ಲರೂ ‘ಅಡುಗೆ ಅಕ್ಕ’ ಎಂದೇ ಕರೆಯುವ ಹೆಂಗಸು ತಲೆಯ ಪಿನ್ನು ಬಿಚ್ಚಿ ಹೊರಗಿಟ್ಟು ಒಳಗೆ ಕಾಲಿಡುತ್ತಾರೆ. ಗಾಜಿನ ಜಾಡಿಗಳನ್ನು ಆಮ್ಲದಲ್ಲಿ ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸುತ್ತಾರೆ.

ಅಕ್ಕ ಅಡುಗೆ ಮಾಡುವುದು ಗಂಟಲಮಾರಿಯ, ಅಂದರೆ ಡಿಫ್ತೀರಿಯಾದ, ಬ್ಯಾಕ್ಟೀರಿಯಾಕ್ಕೆ; ಅದು ಬೆಳೆಯುವ ಪೋಷಕ ದ್ರವವೇ ಆ ಅಡುಗೆ. ಅದಕ್ಕೆ ಕಬ್ಬಿಣ ಧಾರಾಳ ಸಿಕ್ಕರೆ, ಒಳಗಿನ ಪ್ರೋಟೀನೊಂದು ಆ ಕಬ್ಬಿಣವನ್ನು ಹಿಡಿದು ವಿಷದ ಜೀನಿನ ಮೇಲೆ ಕೂತುಬಿಡುತ್ತದೆ, ಜೀನು ತೆಪ್ಪಗಿರುತ್ತದೆ. ಕಬ್ಬಿಣಕ್ಕೆ ಬರ ಬಂದರೆ ಪ್ರೋಟೀನಿನ ಹಿಡಿತ ಸಡಿಲಿ ವಿಷ ತಯಾರಾಗುತ್ತದೆ. ಆ ವಿಷದ ಹಲ್ಲು ಕಿತ್ತೇ ಮಕ್ಕಳ ಲಸಿಕೆ ಮಾಡುವುದು.

“ಹೊಟ್ಟೆಗಿಲ್ಲದಿದ್ರೆ ಮನುಷ್ಯರೇ ವಿಷ ಕಾರ್ತಾರೆ, ಇನ್ನು ಇವು ಬಿಡ್ತಾವಾ?” ಎಂದು ಅಕ್ಕ ನಗುತ್ತಾರೆ.

ಆ ನಗುವಿಗೆ ಜೊತೆಯಿಲ್ಲ. ಧೂಳು ಬಂದೀತೆಂದು ಈ ಕೋಣೆಗೆ ಬೇರೆ ಯಾರನ್ನೂ ಬಿಡುವುದಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. “ಸಂಜೆ ಅಂಗಡೀಲಿ ಹಾಲು ಕೇಳುವಾಗ ಗಂಟಲು ಕಟ್ಟಿರುತ್ತೆ. ಆಗ್ಲೇ ಗೊತ್ತಾಗೋದು, ಬೆಳಗ್ಗಿಂದ ಒಂದು ಮಾತೂ ಆಡಿಲ್ಲ ಅಂತ.”

ಚಿಕ್ಕಂದಿನಲ್ಲಿ ಒಬ್ಬ ತಮ್ಮನಿದ್ದ. ಗಂಟಲಮಾರಿ ಬಂದು ಅವನ ಗಂಟಲೊಳಗೆ ಬೂದು ಪೊರೆ ಕಟ್ಟಿತು. ಅಮ್ಮ ಡಾಕ್ಟರನ್ನು ಕರೆತರಲು ಓಡಿದಾಗ ಅವನು ಇವರ ಮಡಿಲಲ್ಲೇ ಇದ್ದ. “ಅಕ್ಕಾ ಅನ್ನೋಕೆ ಬಾಯಿ ತೆಗೆದ. ಸ್ವರಾನೇ ಬರ್ಲಿಲ್ಲ.” ಅಮ್ಮ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಳೆದ ವರ್ಷ ಬ್ಯಾಕ್ಟೀರಿಯಾ ದಂಡಿಯಾಗಿ ಬೆಳೆದರೂ ವಿಷ ಬರಲಿಲ್ಲ. ಎಲ್ಲೋ ಕಬ್ಬಿಣ ಸೇರಿತ್ತು. ‘ವಯಸ್ಸಾಯ್ತು, ಅಕ್ಕನ ಕೈ ತಪ್ಪಿರಬೇಕು’ ಎಂಬ ಗುಸುಗುಸು ಹಬ್ಬಿತು. ಎದುರಿಗೆ ಸಿಕ್ಕವರು ಮುಖ ತಿರುಗಿಸಿದರು. ಲಸಿಕೆ ತಡವಾಗುತ್ತಿತ್ತು. ಕೊನೆಗೆ ಹಿರಿಯ ವಿಜ್ಞಾನಿ ಬಟ್ಟಿ ಇಳಿಸಿದ ನೀರು ಬರುವ ಪೈಪನ್ನೇ ಬಿಚ್ಚಿಸಿದರು. ಹೊಸದಾಗಿ ಕೂರಿಸಿದ್ದ ಜೋಡಣೆ ತುಕ್ಕು ಹಿಡಿದಿತ್ತು. ಅವರೇ ಬಾಗಿಲಿಗೆ ಬಂದು, “ಅಕ್ಕ, ತಪ್ಪು ನಿಮ್ದಲ್ಲ” ಎಂದರು.

“ಸರಿ ಸರ್, ಬೇಗ ನೀರು ಬಿಡಿಸಿ ಅಂದೆ. ಬಾಗಿಲು ಹಾಕ್ಕೊಂಡ ಮೇಲೆ ಅಳು ಬಂತು. ಕಣ್ಣೀರಲ್ಲೂ ಕಬ್ಬಿಣ ಇರುತ್ತೇನೋ ಅಂತ ಜಾಡಿಗಳಿಂದ ದೂರ ಹೋಗಿ ಅತ್ತೆ.”

ಇನ್ನೇನು ನಿವೃತ್ತಿ. ಏನಾದರೂ ಆಸೆಯಿದೆಯೇ ಎಂದರೆ ಕೈ ಒರೆಸಿಕೊಳ್ಳುತ್ತಾರೆ.

“ಲಸಿಕೆ ಹಾಕೋ ಕಡೆ ಒಂದು ದಿನ ಮೂಲೇಲಿ ಕೂತಿರ್ಬೇಕು. ಸೂಜಿ ಚುಚ್ಚಿದಾಗ ಮಕ್ಕಳು ಸೂರು ಹಾರಿಹೋಗೋ ಹಾಗೆ ಕಿರುಚ್ತಾವಂತಲ್ಲ, ಅದನ್ನ ಕೇಳ್ಬೇಕು.”