ಕಾಲುದಾರಿಯಲ್ಲಿ ಬಂದ ವಾಲ್ವ್

ಫೋನ್ ಬಂದಾಗ ನಾನು ಗ್ರೈಂಡರಿನಲ್ಲಿ ಉದ್ದು ರುಬ್ಬುತ್ತಿದ್ದೆ. ಒಂದು ಕೈ ಹಿಟ್ಟಿನಲ್ಲಿ, ಇನ್ನೊಂದು ಕೈಯಲ್ಲಿ ನೀರಿನ ಚೊಂಬು. ನಮ್ಮ ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು ಇದೆ. ಪವರ್‌ಲೂಮ್ ಓಡುತ್ತಿರುವಾಗ ಈ ತಮಿಳು ಸೀಮೆಯ ಸೋಮನೂರಿನಲ್ಲಿ ಯಾವ ಹೆಂಗಸೂ ಮೆಲ್ಲಗೆ ಮಾತಾಡುವುದಿಲ್ಲ, ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುವುದೂ ಇಲ್ಲ. ಚೊಂಬು ಕೆಳಗಿಟ್ಟು ಕಿರುಬೆರಳಿನಿಂದ ಸ್ಪೀಕರ್ ಒತ್ತಿದೆ.

ನಮ್ಮವರು ಪೀಳಮೇಡಿನ ಒಂದು ಆಸ್ಪತ್ರೆಯಿಂದ ಮಾತಾಡುತ್ತಿದ್ದರು. ಅತ್ತೆಯ ಸ್ಕ್ಯಾನನ್ನು ಹೃದಯದ ಡಾಕ್ಟರಿಗೆ ತೋರಿಸಲು ಹೋಗಿದ್ದರು. ಅತ್ತೆ ಮಾತ್ರ ಹೋಗಿರಲಿಲ್ಲ.

ಅತ್ತೆಗೆ ಕೆಲವು ತಿಂಗಳಿಂದ ಮೆಟ್ಟಿಲು ಹತ್ತಿದರೆ ಉಸಿರು ಮೇಲಕ್ಕೆ ಬರುತ್ತಿತ್ತು. ಒಂದು ಬೆಳಿಗ್ಗೆ ಪೂಜೆಗೆ ಹೂ ಕೀಳುತ್ತಾ ತಲೆ ಸುತ್ತಿ ಕೂತುಬಿಟ್ಟರು. ನಮ್ಮೂರ ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಮುಖ ಸಣ್ಣ ಮಾಡಿಕೊಂಡರು. ಆಮೇಲೆ ಅಂಗೈಯಗಲದ ಒಂದು ಯಂತ್ರವನ್ನು ತಮ್ಮ ಮೊಬೈಲಿಗೇ ಸಿಕ್ಕಿಸಿ ಅತ್ತೆಯ ಎದೆಯ ಮೇಲೆ ಆಡಿಸಿದರು. ಫೋನಿನ ಪರದೆಯ ಮೇಲೆ ಏನೋ ಪಟಪಟ ಬಡಿದುಕೊಳ್ಳತೊಡಗಿತು.

"ಫೋನಲ್ಲಿ ಯಾರು?" ಅಂದರು ಅತ್ತೆ.

"ನಿಮ್ಮ ಹಾರ್ಟೇ, ಅತ್ತೆ."

"ಹಂಗಾದ್ರೆ ಕೇಳು ಅದನ್ನ, ಯಾಕೆ ಇಷ್ಟು ಅವಸರ ಅಂತ."

ಡಾಕ್ಟರಮ್ಮ ನಕ್ಕರೂ ಹೊರಗೆ ಬಂದು ನಮಗೆ ಹೇಳಿದ್ದು ನಗುವ ಮಾತಲ್ಲ. ಹೃದಯದಿಂದ ರಕ್ತ ಹೊರಗೆ ಹೋಗುವ ಬಾಗಿಲಿನ ವಾಲ್ವ್ ಬಿರುಸಾಗಿದೆ, ಪೂರ್ತಿ ತೆರೆಯುತ್ತಿಲ್ಲ, ಮಾತ್ರೆಗೆ ಬಗ್ಗುವುದಿಲ್ಲ. ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ. ವಾಲ್ವ್ ಹೊಸದು ಹಾಕಿಸಲೇಬೇಕು.

ಅತ್ತೆಯದು ಒಂದೇ ಮಾತು. "ಎದೆ ಸೀಳಿಸ್ಕೊಳ್ಳಲ್ಲ." ಎಷ್ಟೋ ವರ್ಷಗಳ ಹಿಂದೆ ಅವರ ಅಕ್ಕನಿಗೆ ಎದೆ ತೆರೆದು ಆಪರೇಷನ್ ಮಾಡಿದ್ದರು. ಅಕ್ಕ ಮನೆಗೆ ವಾಪಸು ಬರಲಿಲ್ಲ. ಅಲ್ಲಿಂದ ಈಚೆಗೆ ಅತ್ತೆಗೆ ಆಸ್ಪತ್ರೆ ಎಂದರೆ ಕತ್ತರಿಯ ಅಂಗಡಿ. ಸ್ಕ್ಯಾನಿಗೆ ಬಂದದ್ದೂ, ಅಲ್ಲಿ ಕತ್ತರಿ ಇರುವುದಿಲ್ಲ ಎಂದು ನಾನು ತಾಯಿ ಚೌಡೇಶ್ವರಿಯ ಮೇಲೆ ಆಣೆಯಿಟ್ಟ ಮೇಲೆ.

ಈಗ ಆ ಫೋನ್. ಗ್ರೈಂಡರಿನ ಗರಗರ, ಮಗ್ಗಗಳ ಖಟಖಟ, ಅದರೊಳಗಿಂದ ನಮ್ಮವರ ದನಿ ತುಂಡು ತುಂಡಾಗಿ ಬಂತು. "ಎದೆ... ಬೇಡವಂತೆ... ಕಾಲ್ ವಲಿ..." ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ತಮಿಳಿನಲ್ಲಿ ವಲಿ ಎಂದರೆ ನೋವು, ವಳಿ ಎಂದರೆ ದಾರಿ. ಆ ದಾರಿಯ ಅಕ್ಷರಕ್ಕೆ ನಾಲಿಗೆಯನ್ನು ಒಂದು ಥರ ಮಡಿಸಬೇಕು. ತಲೆಮಾರುಗಳಿಂದ ಇಲ್ಲೇ ನೇಯ್ದು ಬದುಕಿದ್ದರೂ ನಮ್ಮ ಮನೆಯ ಕನ್ನಡದ ನಾಲಿಗೆಗಳು ಆ ಮಡಿಕೆ ಕಲಿತಿಲ್ಲ. ನಾನಂತೂ ಕೊಳ್ಳೇಗಾಲದ ಕಡೆಯಿಂದ ಸೊಸೆಯಾಗಿ ಬಂದವಳು, ನನ್ನ ಕಿವಿಗೂ ಅದು ತಿಳಿಯದು. ಡಾಕ್ಟರು ಹೇಳಿದ್ದು, ನಮ್ಮವರು ತಮಿಳಿನಲ್ಲೇ ಒಪ್ಪಿಸಿದ್ದು "ಕಾಲ್ ವಳಿಯಾ", ಅಂದರೆ ಕಾಲಿನ ದಾರಿಯಿಂದ. ನನಗೆ ಕೇಳಿಸಿದ್ದು ಕಾಲುನೋವು.

ಹಿಟ್ಟಿನ ಕೈಯಲ್ಲೇ ಜಗಲಿಗೆ ಓಡಿದೆ.

"ಅತ್ತೆ! ಎದೆ ಅಲ್ವಂತೆ! ಕಾಲ್ ವಲಿ ಅಂತೆ, ಡಾಕ್ಟ್ರೇ ಹೇಳಿದ್ರಂತೆ!"

ಅತ್ತೆ ಕಟ್ಟುತ್ತಿದ್ದ ಮಲ್ಲಿಗೆಯನ್ನು ಮಡಿಲಿಗೆ ಬಿಟ್ಟು ನನ್ನನ್ನು ನೋಡಿದರು. "ನಾನು ಅವತ್ತೇ ಹೇಳ್ಲಿಲ್ವಾ? ಮಂಡಿ ನೋವಿಗೆ ಮೆಟ್ಲು ಹತ್ತಕ್ಕೆ ಆಗಲ್ಲ, ಅದಕ್ಕೇ ಉಸ್ರು ಬರ್ತದೆ. ಓದಿದವರು ಯಾರು ನಮ್ಮ ಮಾತು ಕೇಳ್ತಾರೆ!"

ಆಮೇಲೆ ಅವರನ್ನು ಹಿಡಿಯಲು ಆಗಲಿಲ್ಲ. ದೇವರ ಕೋಣೆಗೆ ಹೋಗಿ, "ತಾಯೀ, ಕಾಲಿಗೆ ಏನು ಮಾಡಿದ್ರೂ ಮಾಡಿಸ್ಕೋತೀನಿ, ಇದು ನನ್ನ ಮಾತು" ಎಂದು ಕಾಯಿ ಒಡೆದರು. ಒಳಗೆ ಹೂವಿತ್ತು. ಹೂ ಬಂದ ಕಾಯಿ ಎಂದರೆ ದೇವಿ ಹೂಂ ಅಂದ ಹಾಗೆ. ಪಕ್ಕದ ಮನೆಯವರಿಗೆ ಗೋಡೆಯ ಮೇಲಿಂದ ಸುದ್ದಿ ಹೋಯಿತು, ಪ್ರಸಾದವೂ ಹೋಯಿತು. ಕಾಲಿಗೆ ಔಷಧಿ ಮಾಡಿಸಲು ಆಸ್ಪತ್ರೆಗೆ ಹೋಗಬೇಕಲ್ಲ ಎಂದು ಸೀರೆ, ಕುಂಕುಮದ ಭರಣಿ, ಸ್ವಂತ ಲೋಟ ಎಲ್ಲ ಬ್ಯಾಗಿಗೆ ಹೋದವು. ಆಸ್ಪತ್ರೆಯ ಲೋಟದಲ್ಲಿ ಅವರು ಕಾಫಿ ಕುಡಿಯುವವರಲ್ಲ.

ಸಂಜೆ ನಮ್ಮವರು ಬಂದು ಬ್ಯಾಗು ನೋಡಿ ಬೆರಗಾಗಿ ಅಡುಗೆಮನೆಗೆ ಬಂದರು.

"ಅಮ್ಮ ಹೆಂಗೆ ಒಪ್ಪಿದ್ರು? ನೀನೇನು ಹೇಳ್ದೆ?"

ಹೇಳಿದೆ. ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಹೊಸ ವಾಲ್ವನ್ನು ಕಾಲಿನ ರಕ್ತನಾಳದ ಮೂಲಕ ಎದೆಗೆ ಕಳಿಸುವ ವಿಷಯ ಆಗ ನನಗೆ ತಿಳಿಯಿತು.

"ಸೆರಿ, ಸುಮ್ನಿರು. ಹೊರಟವ್ರೆ, ಹೋಗ್ಲಿ. ಅಲ್ಲಿ ಡಾಕ್ಟ್ರು ಹೇಳ್ಕೋತಾರೆ."

"ತಾಯಿ ಮುಂದೆ ಕಾಯಿ ಒಡೆದಾಗಿದೆ. ಸುಳ್ಳಿನ ಕಾಯಿ ಆಗೋಗ್ತದೆ."

"ಕಾಯಿ ಒಡೀರಿ ಅಂತ ಯಾರು ಹೇಳಿದ್ದು?"

"ನೀವೇ. ಫೋನಲ್ಲಿ."

ನಮ್ಮವರು ಮಗ್ಗ ನೋಡುವ ನೆಪ ಹೇಳಿ ಶೆಡ್ಡಿಗೆ ಹೋದರು. ನಾನೇ ಅತ್ತೆಯ ಹತ್ತಿರ ಕೂತು ಎಲ್ಲ ಹೇಳಿದೆ. ಕಾಯಿಲೆ ಎದೆಯದೇ. ಆದರೆ ಎದೆ ತೆರೆಯುವುದಿಲ್ಲ. ತೊಡೆಯ ಸಂದಿಯಲ್ಲಿ ಸಣ್ಣ ತೂತು, ಅಲ್ಲಿಂದ ಒಂದು ಸಪೂರ ಕೊಳವೆ. ಅದರೊಳಗೆ ಕೊಡೆ ಮಡಿಸಿದ ಹಾಗೆ ವಾಲ್ವ್ ಹೋಗಿ, ಹೃದಯದಲ್ಲಿ ಬಿಚ್ಚಿಕೊಳ್ಳುತ್ತದೆ.

"ನಿನ್ನ ಕೊಳ್ಳೇಗಾಲದ ಕಿವಿಗಿಷ್ಟು ಬೆಂಕಿ ಹಾಕ" ಅಂದರು. ಬ್ಯಾಗಿನಿಂದ ಲೋಟ ತೆಗೆದು ನೆಲದ ಮೇಲಿಟ್ಟರು. ಎದ್ದು ಹೋಗಿ ದೇವಿಯ ಪಟದ ಮುಂದೆ ನಿಂತರು.

"ತಾಯಿ ಮುಂದೆ ನಾನೇನಂದೆ?"

"ಕಾಲಿಗೆ ಏನು ಮಾಡಿದ್ರೂ ಮಾಡಿಸ್ಕೋತೀನಿ ಅಂದ್ರಿ."

"ತೂತು ಎಲ್ಲಿ?"

"ಕಾಲಿಗೆ, ಅತ್ತೆ."

"ಎದೆಗೆ ಕತ್ತರಿ?"

"ಇಲ್ಲ."

"ನೋಡು ಇವಳ ಕಿಲಾಡಿತನ" ಅಂದರು, ನನ್ನನ್ನಲ್ಲ, ದೇವಿಯನ್ನು. "ನನ್ನ ಬಾಯಿಂದಲೇ ಹೇಳಿಸ್ಕೊಂಡುಬಿಟ್ಳು." ಪಟದ ಹೂ ಸರಿಮಾಡುತ್ತಾ, ತಮಿಳರ ಹಾಗೆ ಮುದ್ದಿಗೆ ಕಣ್ಣು ಎಂದು ಕರೆದು ಕೇಳಿದರು, "ಅಕ್ಕನ ಕಾಲದಲ್ಲಿ ಈ ದಾರಿ ಇರ್ಲಿಲ್ಲ, ಅಲ್ವಾ ಕಣ್ಣು?"

"ಇರ್ಲಿಲ್ಲ, ಅತ್ತೆ."

ಲೋಟ ಮತ್ತೆ ಬ್ಯಾಗಿಗೆ ಹೋಯಿತು.

ಖರ್ಚಿನ ಮಾತನ್ನು ಅಣ್ಣತಮ್ಮಂದಿರು ಸೇರಿ ಮುಗಿಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ತಾಳ್ಮೆಯಿಂದ ತಮಿಳಿನಲ್ಲಿ ಎಲ್ಲ ವಿವರಿಸಿ, ಏನಾದರೂ ಕೇಳುವುದಿದೆಯೇ ಎಂದರು. ಅತ್ತೆಗೆ ಕೇಳುವುದು ಒಂದೇ ಇತ್ತು. ನಮ್ಮ ಮೋಟಾರು ರಿಪೇರಿಯವನು ಹೊಸ ಸಾಮಾನು ಹಾಕಿದರೆ ಹಳೆಯದನ್ನು ಕೈಗೆ ಕೊಟ್ಟು ಹೋಗಬೇಕು, ಇಲ್ಲದಿದ್ದರೆ ಅತ್ತೆ ಅವನನ್ನು ಗೇಟು ದಾಟಲು ಬಿಡುವುದಿಲ್ಲ. "ಹಳೇ ವಾಲ್ವ್ ನನ್ನ ಕೈಗೆ ಕೊಡ್ಬೇಕು" ಅಂದರು.

ಹಳೆಯದನ್ನು ತೆಗೆಯುವುದೇ ಇಲ್ಲ, ಅಜ್ಜೀ, ಅಂದರು ಡಾಕ್ಟರು. ಅದನ್ನು ಪಕ್ಕಕ್ಕೆ ಒತ್ತಿ, ಅದರೊಳಗೇ ಹೊಸದು ಅರಳಿ ನಿಂತು ಕೆಲಸ ಮಾಡುತ್ತದೆ.

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಅಂದರು, "ಕೇಳ್ದೆಯಾ? ಹಳೇದನ್ನ ಗೋಡೆಗೆ ಒತ್ತಿಬಿಟ್ಟು ಹೊಸದು ಯಜಮಾನಿಕೆ ಮಾಡೋದಂತೆ. ನಮ್ಮನೆ ಸಮಾಚಾರ ಇವರಿಗೆ ಯಾರು ಹೇಳಿದ್ದು?"

ಏನಂದರು ಎಂದು ಡಾಕ್ಟರು ಕೇಳಿದಾಗ ನಮ್ಮವರು ಕೆಮ್ಮಿ, "ಸಂತೋಷ ಅಂತಾರೆ" ಎಂದು ತಮಿಳಿಗೆ ತಿರುಗಿಸಿದರು.

ಅವರನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಬಾಗಿಲ ಹೊರಗೆ ತಾಯಿಯ ಹೆಸರು ಹೇಳುತ್ತಾ ಕೂತೆ. ಹೇಳುತ್ತಾ ಹೇಳುತ್ತಾ ನಡುವೆ ಮನೆಯಲ್ಲಿ ಕಾಯಿಸದೆ ಬಿಟ್ಟು ಬಂದ ಹಾಲಿನ ನೆನಪೂ ಬಂತು, ತಾಯಿ ಕ್ಷಮಿಸಲಿ. ಬಾಗಿಲು ತೆರೆದಾಗ ಅತ್ತೆ ಎಚ್ಚರವಾಗಿಯೇ ಇದ್ದರು. ಪೂರ್ತಿ ನಿದ್ದೆ ಬರಿಸಿರಲಿಲ್ಲವಂತೆ.

"ಹೆಂಗಿತ್ತು, ಅತ್ತೆ?"

"ಎಲ್ರೂ ಟೀವಿ ನೋಡ್ತಾ ನಿಂತಿದ್ರು. ಮಲಗಿದವಳನ್ನ ಒಬ್ಬರೂ ನೋಡ್ಲಿಲ್ಲ."

ಟೀವಿಯಲ್ಲಿ ಓಡುತ್ತಿದ್ದದ್ದು ಅವರದೇ ಹೃದಯ ಎಂದು ನಾನು ಆಮೇಲೆ ಬಿಡಿಸಿ ಹೇಳಿದೆ.

ಈಗ ಮನೆಗೆ ಬಂದಿದ್ದಾರೆ. ಮನೆಯ ಮೆಟ್ಟಿಲನ್ನು ಮೆಲ್ಲಗೆ ಹತ್ತಿದರು, ಮೇಲೆ ನಿಂತು ಇನ್ನೂ ಕೆಳಗಿದ್ದ ನನ್ನನ್ನು ಬೈದರು. ಬೈಯುವಷ್ಟು ಉಸಿರು ಉಳಿದಿತ್ತಲ್ಲ, ನನಗೆ ಅಷ್ಟೇ ಸಾಕು. ನಮ್ಮ ಕಡೆ ಕರೆಂಟ್ ಹೋಗುವುದು ಹೊಸದಲ್ಲ. ಅವತ್ತು ಹೋಗಿದ್ದರೆ ಮಗ್ಗ ನಿಲ್ಲುತ್ತಿತ್ತು, ನನಗೆ ಫೋನ್ ಸರಿಯಾಗಿ ಕೇಳುತ್ತಿತ್ತು, ಅತ್ತೆ ಬ್ಯಾಗು ಕಟ್ಟುತ್ತಲೇ ಇರಲಿಲ್ಲ. ಹೋಗದೆ ಇದ್ದ ಕರೆಂಟಿಗೂ ಸೇರಿಸಿ ತಾಯಿಯ ಮುಂದೆ ದೀಪ ಹಚ್ಚಿದೆ.

ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ ವಿಚಾರಿಸಿದರು. ಅತ್ತೆ ಜಗಲಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತಾ ಹೇಳುತ್ತಿದ್ದರು. "ಕಾಲುನೋವು ಅಂತ ಬ್ಯಾಗು ಕಟ್ಟಿದ್ದು. ಎದೆ ಸರಿ ಮಾಡಿ ಕಳಿಸವ್ರೆ. ಕಾಲುನೋವು ಹಂಗೇ ಅದೆ!"

ಆಮೇಲೆ ಒಳಗಿದ್ದ ನನ್ನನ್ನು ಕೂಗಿದರು, "ಅಡೀ, ಉದ್ದು ನೆನೆಹಾಕ್ದೆಯಾ?"

ಹಾಕಿರಲಿಲ್ಲ. ಡಬ್ಬಿ ತೆಗೆದು ಅಳೆದು, ಕಲ್ಲು ಆರಿಸಲು ಕೂತೆ.