ಮೈಕಿನಲ್ಲಿ ನನ್ನ ಕೆಮ್ಮು

ಮೊನ್ನೆ ಮೊನ್ನೆಯವರೆಗೂ ಬೆಳಗಾಗುವ ಮುಂಚೆ ನನ್ನನ್ನು ಎಬ್ಬಿಸುತ್ತಿದ್ದದ್ದು ನನ್ನದೇ ಕೆಮ್ಮು. ಆದರೆ ಆ ಹೊತ್ತಿನಲ್ಲಿ ಕೆಮ್ಮುತ್ತಿದ್ದವಳು ನಾನಲ್ಲ. ಗುಡಿಯ ಪಕ್ಕದ ಸಮುದಾಯ ಭವನದ ನೆತ್ತಿಗೆ ಕಟ್ಟಿದ ಮೈಕು ಮೊದಲು ಗರಗರ ಎನ್ನುತ್ತಿತ್ತು, ಹಾರ್ಮೋನಿಯಂ ಒಮ್ಮೆ ಉಸಿರೆಳೆದುಕೊಳ್ಳುತ್ತಿತ್ತು, ಅದರ ಬೆನ್ನಿಗೇ, ಬೆಳಗಿನ ಪದ ಶುರುವಾಗುವ ಮುನ್ನ, ಹೋದ ವರ್ಷ ಮೆಣಸಿನಕಾಯಿ ಒಣಹಾಕುವ ದಿನಗಳಲ್ಲಿ ಮೊಬೈಲಿಗೆ ಸಿಕ್ಕಿಬಿದ್ದ ನನ್ನ ಒಣಕೆಮ್ಮು ಸಮಸ್ತ ಗ್ರಾಮಸ್ಥರಿಗೆ ಸುಪ್ರಭಾತವಾಗಿ ಪ್ರಸಾರವಾಗುತ್ತಿತ್ತು. ಕೆಮ್ಮು ಬಂದರೆ ಕರ್ಚೀಫು ಅಡ್ಡ ಹಿಡಿದು 'ಎಕ್ಸ್‌ಕ್ಯೂಸ್ ಮಿ' ಎನ್ನಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಇಡೀ ಊರಿಗೆ ಒಮ್ಮೆಲೇ ಎಕ್ಸ್‌ಕ್ಯೂಸ್ ಮಿ ಹೇಳುವ ಕ್ರಮ ಅವರ ಸಿಲೆಬಸ್ಸಿನಲ್ಲಿರಲಿಲ್ಲ.

ಇಷ್ಟೇ ಆಗಿದ್ದರೆ ವೃದ್ಧಾಪ್ಯದ ಇತರ ಅವಮಾನಗಳ ಸಾಲಿಗೆ ಇದನ್ನೂ ಸೇರಿಸಿ ಸುಮ್ಮನಿರುತ್ತಿದ್ದೆ. ನನ್ನ ಸಿಟ್ಟಿಗೆ ಕಾರಣ ಬೇರೆ. ನಾನು ಆ ಭವನವನ್ನು ಬಾಯ್ಕಾಟ್ ಮಾಡಿದವಳು. ಬಹಿಷ್ಕಾರ ಹಾಕಿದ ಜಾಗದಲ್ಲೇ ದಿನಾಲೂ ಕೆಮ್ಮುವ ದೌರ್ಭಾಗ್ಯ ಚರಿತ್ರೆಯಲ್ಲಿ ಇನ್ನಾರಿಗೂ ಬಂದಿರಲಾರದು.

ಕುಂದಗೋಳದ ಆಚೆಗಿರುವ ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳ ಭಜನಾ ಮಂಡಳಿಯೊಂದಿದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು ಅದರ ಹಾರ್ಮೋನಿಯಂ. ಕಾನ್ವೆಂಟಿನ ಪಿಯಾನೋದ ಮೇಲೆ ಪಳಗಿದ ನನ್ನ ಎಡಗೈ ಇವತ್ತಿಗೂ ಗಾಳಿ ಹಾಕುವ ಭಾತೆ ಒತ್ತುವುದನ್ನು ಮರೆತು ಸ್ವರದ ಮನೆಗಳನ್ನು ಹುಡುಕಿಕೊಂಡು ಹೋಗುತ್ತದೆ, ಆಗ ಗಾಳಿ ತೀರಿ ಪೆಟ್ಟಿಗೆ ನರಳುತ್ತದೆ. ಮುಂದೆ ಕುಳಿತು ಹಾಡುವವಳು ನೀಲವ್ವ. ಎರಡೆಕರೆ ಹತ್ತಿ ಹೊಲದ ಒಡತಿ, ಸಹಿಯಷ್ಟೇ ಕಲಿತವಳು, ಆದರೆ ಅವಳ ಸ್ವರಜ್ಞಾನದ ಮುಂದೆ ನನ್ನ ಪಿಯಾನೋ ಸರ್ಟಿಫಿಕೇಟುಗಳು ನಾಚಿ ಟ್ರಂಕು ಸೇರಿವೆ. ತಾಳ ಹಿಡಿಯುವವಳು ಗೌರಕ್ಕ. ಅವಳ ಮಗ ಶಂಕ್ರಪ್ಪ ಭವನದ ಕಮಿಟಿಯ ಸೆಕ್ರೆಟರಿ. ಒಂದು ಕಾಲಕ್ಕೆ ನನ್ನ ಕ್ಲಾಸಿನ ಕಡೇ ಬೆಂಚಿನಲ್ಲಿ ಕುಳಿತು ಟೆನ್ಸುಗಳೊಡನೆ ಕಾದಾಡಿ ಸೋತವನು. ನಾವು ಮೂವರೂ ಗಂಡಂದಿರನ್ನು ಕಳೆದುಕೊಂಡವರು. ಮಂಡಳಿಯಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಉಳಿದವರ ಕಥೆಯೂ ಅಷ್ಟೆ. ಗಂಡ ಇದ್ದವರಿಗೆ ಸಂಜೆ ಭಜನೆಗೆ ಬಿಡುವೆಲ್ಲಿ?

ಹೊಸ ಕಮಿಟಿ ಬಂತು, ಗೋಡೆಗೆ ಹೊಸ ಬಣ್ಣ ಬಂತು, ಅದರ ಮೇಲೆ ಹಸಿರು ಅಕ್ಷರಗಳಲ್ಲಿ ಹೊಸದೊಂದು ಠರಾವು ಬಂತು: ಶುಭಕಾರ್ಯಗಳಲ್ಲಿ ವೇದಿಕೆಯ ಮೇಲೆ ಸುಮಂಗಲಿಯರಿಗೆ ಮಾತ್ರ ಅವಕಾಶ. ಭಕ್ತಿಗೆ ಮೈಲಿಗೆಯಿಲ್ಲವೆಂದು ಸಾರಿದ ಶರಣರ ಭಾವಚಿತ್ರದ ಸರಿಯಾಗಿ ಕೆಳಗೇ ಅದನ್ನು ಬರೆಸಿದ್ದರು. ನಾನು ಹೋಗಿ ಶಂಕ್ರಪ್ಪನನ್ನು ಕೇಳಿದೆ. ಅವನು ಎದ್ದು ನಿಂತು, ಗೌರವದಿಂದ ಟೊಪ್ಪಿಗೆ ತೆಗೆದು ಹೇಳಿದ: "ರೂಲ್ ಅಂದ್ರ ರೂಲ್ ರೀ ಅಕ್ಕಾರ. ನಮ್ಮವ್ವಗೂ ಅದ ರೂಲ್ ಐತಿ. ನಾ ಯಾರಿಗೂ ಪಕ್ಷಪಾತ ಮಾಡಿಲ್ಲ."

ಹೆತ್ತ ತಾಯಿಯನ್ನೂ ಸಮಾನವಾಗಿ ಅವಮಾನಿಸಿದ ಆ ನಿಷ್ಪಕ್ಷಪಾತಕ್ಕೆ ಕೈಮುಗಿದು ಮನೆಗೆ ಬಂದೆ.

ಆ ದಿನಗಳಲ್ಲೇ ಪತ್ರಿಕೆಯಲ್ಲೊಂದು ಸುದ್ದಿ ಓದಿದ್ದೆ. ಎಲ್ಲೋ ದೂರದ ದೇಶದ ಒಂದು ರಾಜ್ಯ ಕೆಲವರನ್ನು ಕೀಳಾಗಿ ಕಾಣುವ ಕಾನೂನು ಮಾಡಿತೆಂದು ಹೆಸರಾಂತ ಗಾಯಕರು ಅಲ್ಲಿಯ ಸಂಗೀತ ಕಚೇರಿಗಳನ್ನು ರದ್ದುಮಾಡಿದರಂತೆ; ಸರಕಾರಕ್ಕೆ ಬೆವರಿಳಿಯಿತಂತೆ. ನನ್ನ ಮೈಯಲ್ಲಿ ಡಿಗ್ನಿಟಿ ಎಂಬ ಇಂಗ್ಲಿಷ್ ಜ್ವರ ಏರಿತು. ಮಂಡಳಿಯವರನ್ನೆಲ್ಲ ನನ್ನ ಪಡಸಾಲೆಯಲ್ಲಿ ಕೂಡಿಸಿ ಸುದ್ದಿಯನ್ನು ಕನ್ನಡಿಸಿ ಹೇಳಿದೆ. ಎಲ್ಲರೂ ಒಪ್ಪಿದರು. ವೇದಿಕೆಗೆ ಹಾಸಿದ್ದ ನವಲಗುಂದದ ಜಮಖಾನ ಮಂಡಳಿಯದು; ಅದನ್ನು ಸುತ್ತಿ ಹೆಗಲ ಮೇಲೆ ಹೊತ್ತು, ಊರ ನಡುವಿನಿಂದ ಮೆರವಣಿಗೆಯಂತೆ ನನ್ನ ಮನೆಗೆ ತಂದೆವು.

ಓದುಗರೇ, ಬಹಿಷ್ಕಾರ ಹಾಕುವ ವಿಚಾರ ನಿಮಗಿದ್ದರೆ ಈ ಮುದುಕಿಯ ಒಂದು ಮಾತು ಕೇಳಿ: ಅದಕ್ಕೆ ಬೇಕಾದ ಮೊದಲ ಸಾಮಗ್ರಿ ಕೀರ್ತಿ. ಪ್ರಸಿದ್ಧರು ಬರುವುದಿಲ್ಲವೆಂದರೆ ಅದು ಪ್ರತಿಭಟನೆ; ನಮ್ಮಂಥವರು ಬರದಿದ್ದರೆ ಮೊಣಕಾಲು ನೋವು ಎಂದು ಊರು ಅರ್ಥಮಾಡಿಕೊಳ್ಳುತ್ತದೆ. ಕಮಿಟಿಗೆ ಬೆವರಿಳಿಯಲಿಲ್ಲ. ಅವರು ಜಮಖಾನದ ಜಾಗದಲ್ಲಿ ಪ್ಲಾಸ್ಟಿಕ್ ಚಾಪೆ ಹಾಸಿದರು, ನಮ್ಮ ಜಾಗದಲ್ಲಿ ಪೆನ್ ಡ್ರೈವ್ ಇಟ್ಟರು. ಪೆನ್ ಡ್ರೈವಿನಲ್ಲಿದ್ದದ್ದು ಹೋದ ವರ್ಷ ನಾವೇ ಹಾಡಿದ್ದು.

ಅಮಂಗಲವೆಂದು ಯಾರನ್ನು ಕೆಳಗಿಳಿಸಿದರೋ ಅವರ ಕಂಠದಿಂದಲೇ ಊರಿನ ಮಂಗಲ ಆರಂಭವಾಗತೊಡಗಿತು. ನಾನು ಮತ್ತೆ ಹೋಗಿ ಕೂಗಾಡಿದೆ. ಶಂಕ್ರಪ್ಪ ತಣ್ಣಗೆ, "ಧ್ವನಿಗೆ ಏನ್ ಕುಂಕುಮ ಇರ್ತೈತೇನ್ರಿ ಅಕ್ಕಾರ?" ಎಂದ. ತರ್ಕಶಾಸ್ತ್ರದಲ್ಲಿ ಅವನು ಇಷ್ಟು ಮುಂದೆ ಹೋಗುವನೆಂದು ಗೊತ್ತಿದ್ದರೆ ಟೆನ್ಸುಗಳಿಗಾಗಿ ಅವನ ಕಿವಿ ಹಿಂಡುತ್ತಿರಲಿಲ್ಲ.

ಆದರೆ ನನ್ನ ತಾಳ್ಮೆಯನ್ನು ಪೂರ್ತಿ ತೀರಿಸಿದವಳು ನೀಲವ್ವ. ಒಂದು ಮುಂಜಾನೆ ಅವಳು ಸೆರಗು ಕಟ್ಟಿಕೊಂಡು ನನ್ನ ಕಟ್ಟೆಯ ಮೇಲೆ ಬಂದು ಕುಳಿತಳು. "ನನ್ನ ಭವನಕ್ಕ ಹೋಗಾಕ ಬಿಡ್ರಿ ಅಕ್ಕಾರ" ಎಂದಳು.

"ಯಾಕವ್ವಾ? ಬಾಯ್ಕಾಟ್ ಮುರೀತಿ?"

"ಬ್ಯಾಡ ಅಂದ್ರ ಬ್ಯಾಡ ಅನ್ಲಿ, ಅದನ್ನ ತಡಕೋತೀನಿ. ಮೂರನೇ ಸಾಲಿನಾಗ ನೀವು ಮತ್ತ ಕೆಮ್ಮಿದ ದೆಸೀಲೆ ನಾ ಸೂರ ಬಿಟ್ಟೀನಿ. ಅದನ್ನ ದಿನಾ ಊರಿಗೆಲ್ಲಾ ಕೇಳಸ್ತಾರಲ್ರಿ. ಹೊಲಕ್ಕ ಹೋಗಾಕ ನಾಚಿಕಿ ಬರ್ತೈತಿ. ಒಮ್ಮೆ ಹೋಗಿ ರೆಕಾರ್ಡಿಗೆ ಚಂದಂಗ ಹಾಡಿ ಬಂದಬಿಡ್ತೀನಿ."

ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ನಾನು ತತ್ವದ ಪ್ರಶ್ನೆ ಎಂದರೆ ಅವಳು ಸ್ವರದ ಪ್ರಶ್ನೆ ಎನ್ನುತ್ತಾಳೆ. ಅಪಮಾನ ಸಹ್ಯ, ಅಪಸ್ವರ ಅಸಹ್ಯ. ಕಲಾವಿದರನ್ನು ಕಟ್ಟಿಕೊಂಡು ಚಳವಳಿ ಮಾಡಹೊರಟವರ ಗತಿ ಇದೇ. ಅವಳನ್ನು ತಡೆಯಲು ಮಾತು ಹುಡುಕುತ್ತ, ಯಾಕೋ ನನ್ನ ತಂದೆಯವರ ಗ್ರಾಮೊಫೋನಿನ ನೆನಪಾಗಿ, ಅದನ್ನೇ ಹೇಳತೊಡಗಿದೆ. ಹಳೆಯ ಪ್ಲೇಟುಗಳಲ್ಲಿ ಹಾಡು ಮುಗಿದೊಡನೆ ಹಾಡಿದಾಕೆ ಸಣ್ಣ ದನಿಯಲ್ಲಿ ತನ್ನ ಹೆಸರು ಕೂಗಿ ಹೇಳುತ್ತಿದ್ದಳು. ಲೇಬಲ್ಲು ಅಂಟಿಸುವವರಿಗೆ ತಿಳಿಯಲೆಂದು ಹಾಗೆ ಎಂದು ತಂದೆಯವರು ಹೇಳಿದರೂ, ಪೆಟ್ಟಿಗೆ ತನ್ನನ್ನು ಮರೆತೀತೆಂಬ ಭಯದಿಂದ ಆಕೆ ಕೂಗುತ್ತಾಳೆಂದೇ ಬಾಲೆಯಾದ ನನಗೆ ಅನ್ನಿಸುತ್ತಿತ್ತು. ಪದ ಕಟ್ಟಿದವರ ಅಂಕಿತ ಕೊನೆಯ ಸಾಲಿನಲ್ಲಿ ತಲೆತಲಾಂತರದಿಂದ ಭದ್ರವಾಗಿದೆ. ಅದನ್ನು ಬಾಯಿಂದ ಬಾಯಿಗೆ ಹೊತ್ತು ತಂದ ಹೆಂಗಸರಿಗೆ ಮಾತ್ರ ಯಾವ ಸಾಲಿನಲ್ಲೂ ಜಾಗವಿಲ್ಲ.

ನೀಲವ್ವ ಎಲ್ಲ ಕೇಳಿ, ಎದ್ದು ನೇರ ಭವನದ ಕಡೆ ನಡೆದಳು.

ಅವಳ ಬೇಡಿಕೆಗೆ ಶಂಕ್ರಪ್ಪ ಹಿಗ್ಗಿದ. ಆದರೆ ಠರಾವಿಗೆ ಭಂಗ ಬರದಂತೆ, ಭವನದ ಹಿಂದಿನ ಸ್ಟೋರ್ ರೂಮಿನಲ್ಲಿ ಹಾಡಿದರೆ ಸಾಕೆಂದ. "ಸ್ಟೋರ್ ರೂಮಿನ್ಯಾಗ ಇಡಾಕ ನಾನೇನ ಜ್ವಾಳದ ಚೀಲೇನೋ ತಮ್ಮಾ? ಅಕ್ಕಾರ ಪಡಸಾಲಿಗೆ ಬಾ, ಜಮಖಾನ ಅಲ್ಲೈತಿ" ಎಂದಳಂತೆ. ಅವನು ಮೊಬೈಲು ಹಿಡಿದು ಬಂದ. ಗೌರಕ್ಕ ಮಗನ ಮುಖ ನೋಡದೆ ತಾಳ ಹಿಡಿದಳು. ಕೆಮ್ಮು ಬಾರದಿರಲೆಂದು ಬಾಯಲ್ಲಿ ಜ್ಯೇಷ್ಠಮಧು ಒತ್ತರಿಸಿಕೊಂಡು ನಾನು ಪೆಟ್ಟಿಗೆ ಹಿಡಿದೆ. ಬಹಿಷ್ಕಾರ ನನ್ನ ಮನೆಯಲ್ಲೇ ಮುರಿಯುತ್ತಿದೆಯೆಂಬ ಸಿಟ್ಟನ್ನು ಭಾತೆಯ ಮೇಲೆ ತೀರಿಸಿಕೊಂಡೆ. ಮೂರನೇ ಸಾಲಿನಲ್ಲಿ ಸ್ವರ ದೀಪದಂತೆ ನಿಂತಿತು. ಕೊನೆಯ ಅಂಕಿತ ಬಂತು. ಅಲ್ಲಿ ಪಲ್ಲವಿಗೆ ಮರಳಬೇಕಾದವಳು ಮರಳಲಿಲ್ಲ. ಉಸಿರು ಬಿಡದೆ, ತಾಳ ತಪ್ಪದೆ, ಅದೇ ಧಾಟಿಯಲ್ಲಿ ಇನ್ನೊಂದು ಸಾಲು ಎತ್ತಿಕೊಂಡಳು:

"ಹಾಡಿದಾಕಿ ನೀಲವ್ವ, ಬಸಪ್ಪನ ಹೇಣತಿ; ಬಸಪ್ಪ ಹ್ವಾದ, ಪದ ಐತಿ."

ಹಾಗೇ ಪಲ್ಲವಿಗೆ ಇಳಿದಳು. ನನ್ನ ಎಡಗೈ ಭಾತೆ ಮರೆಯಿತು. ಶಂಕ್ರಪ್ಪ ಮೊಬೈಲಿನ ಕೆಂಪು ಚುಕ್ಕೆಯನ್ನೇ ನೋಡುತ್ತ, ಭಕ್ತಿಯಿಂದ ತಲೆದೂಗುತ್ತಿದ್ದ.

ಮರುದಿನ ಇಡೀ ಊರು ಕೇಳಿತು. ಸಂಜೆಗೆ ಅವನು ನನ್ನ ಬಾಗಿಲಿಗೆ ಬಂದ. "ಕಟ್ ಮಾಡಾಕ ಬರವಲ್ದ್ರೀ ಅಕ್ಕಾರ. ಅಷ್ಟ ತಗದ್ರ ತಾಳ ಕುಂಟತೈತಿ." ಒಂದು ದಿನ ಹಳೆಯದನ್ನೇ ಹಚ್ಚಿ ನೋಡಿದ; ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಗೌರಕ್ಕ, "ಹೊಸಾದು ಹಚ್ಚಲೇ. ಇಲ್ಲಾಂದ್ರ ನಿನ್ನ ರೊಟ್ಟಿ ನೀನ ಬಡ್ಕೊ" ಎಂದಳಂತೆ. ಶುಭಕಾರ್ಯದ ರೊಟ್ಟಿಯನ್ನು ಯಾರು ಬಡಿಯಬೇಕೆಂಬ ಬಗ್ಗೆ ಕಮಿಟಿ ಇನ್ನೂ ಠರಾವು ಮಾಡಿರಲಿಲ್ಲ.

ಗೋಡೆಯ ಮೇಲಿನ ಹಸಿರು ಅಕ್ಷರಗಳು ಹಾಗೇ ಇವೆ. ನಾವೂ ಹೋಗುತ್ತಿಲ್ಲ, ಜಮಖಾನ ನನ್ನ ಪಡಸಾಲೆಯಲ್ಲೇ ಇದೆ, ಭಜನೆ ಅಲ್ಲೇ ನಡೆಯುತ್ತದೆ. ನನ್ನ ಸಿಟ್ಟೂ ಇಳಿದಿಲ್ಲ, ಇಳಿಯುವ ವಯಸ್ಸೂ ಇದಲ್ಲ. ಆದರೆ ಈಗ ಮೈಕು ಗರಗರ ಎನ್ನುವ ಮೊದಲೇ ನನಗೆ ಎಚ್ಚರವಾಗಿರುತ್ತದೆ. ಹೊಸ ರೆಕಾರ್ಡಿನಲ್ಲಿ ನನ್ನ ಕೆಮ್ಮಿಲ್ಲ. ಅದನ್ನು ನಾನೇ ಹಾಸಿಗೆಯಲ್ಲಿ ಕೆಮ್ಮಿ ಮುಗಿಸಿ, ಎದ್ದು ಕೂತು, ಉಸಿರು ಹಿಡಿದು, ಕೊನೆಯ ಸಾಲಿಗೆ ಕಾಯುತ್ತೇನೆ.